ಯಾರೂ ಹೇಳದ ದರ

ಕಮಲಾಪುರದ ಬಸ್ ನಿಲ್ದಾಣದಿಂದ ಸಂತೆ ಬಯಲಿನ ಕಡೆ ಹೋಗುವ ಓಣಿಯಲ್ಲಿ ಕುಲ್ಸುಮ್‌ಳ ಹಿಟ್ಟಿನ ಗಿರಣಿ. ಬೋರ್ಡಿನ ಮೇಲೆ ಇನ್ನೂ ಮಂಜೂರ್ ಗಿರಣಿ ಅಂತಲೇ ಇದೆ. ಗಂಡ ಮಂಜೂರ್ ತೀರಿಕೊಂಡು ಎಷ್ಟೋ ವರ್ಷವಾಯಿತು, ಅದನ್ನು ಬದಲಿಸುವ ಮನಸ್ಸು ಅವಳಿಗಾಗಲಿಲ್ಲ. ಒಳ್ಳೆಯ ಮನುಷ್ಯ ಪಾಪ, ಮಾತು ಕಮ್ಮಿ, ಕೆಮ್ಮು ಜಾಸ್ತಿ. ಮಕ್ಕಳಾಗಲಿಲ್ಲ. ಗಿರಣಿಯ ಹಿಂದೆ ಒಂದು ಕೋಣೆ, ಒಂದು ಒಲೆ, ಒಂದು ಮಂಚ. ಗಂಡ ಹೋದ ಮೇಲೆ ಕುಲ್ಸುಮ್ ಅಲ್ಲೇ ಉಳಿದಳು. ಮೋಟಾರಿನ ಬೆಲ್ಟು ಬಿಗಿಯುವುದು, ಸವೆದ ಕಲ್ಲಿಗೆ ಉಳಿಯಿಂದ ಟಾಕಿ ಹೊಡೆಯುವುದು ಎಲ್ಲ ಕಲಿತಳು.

ಹಗಲು ಹೇಗೋ ಕಳೆಯುತ್ತಿತ್ತು. ಅವಳು ಬದುಕುತ್ತಿದ್ದುದು ಸಂಜೆಗೆ.

ಜೋಳದ ಹಿಟ್ಟಿನ ಗುಣವೇ ಹಾಗೆ ನೋಡಿ. ಗೋಧಿ ಹಿಟ್ಟಿನಂತೆ ತಿಂಗಳುಗಟ್ಟಲೆ ಡಬ್ಬಿಯಲ್ಲಿ ಇಟ್ಟರೆ ಅದರ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಅದಕ್ಕೇ ನಮ್ಮ ಕಡೆಯ ಹೆಂಗಸರು ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ, ಮತ್ತೆ ಮತ್ತೆ ಬರುತ್ತಾರೆ. ಹೊಲದ ಕೆಲಸ, ಅಂಗಡಿಯ ಕೆಲಸ ಮುಗಿಸಿ ಹೊತ್ತು ಇಳಿದ ಮೇಲೆ ಡಬ್ಬಿ ಹೊತ್ತು ಬಂದರೆ, ಗಿರಣಿಯ ಗದ್ದಲದ ಮೇಲೆ ಅವರ ಗದ್ದಲ. ಯಾರ ಸೊಸೆ ತವರಿಗೆ ಹೋದಳು, ಈ ಸಲ ಕೆಂಪು ಬಾಳೆಗೆ ಎಂಥ ರೇಟು ಬಂತು, ಎಲ್ಲ ಅಲ್ಲೇ ತೀರ್ಮಾನ. ಎಲ್ಲರೂ ಹೋದ ಮೇಲೂ ಉಳಿಯುತ್ತಿದ್ದವಳು ಎದುರು ಮನೆಯ ಲಲಿತಾಬಾಯಿ. ತನ್ನ ಡಬ್ಬಿ ಮೊದಲೇ ಬೀಸಿ ಮುಗಿದಿದ್ದರೂ ಜೋಳದ ಚೀಲದ ಮೇಲೆ ಕೂತೇ ಇರುತ್ತಿದ್ದಳು. ಕುಲ್ಸುಮ್ ತನ್ನ ಮನೆಯ ಜೋಳವನ್ನು ಯಾವಾಗಲೂ ಲಲಿತಾಬಾಯಿಯ ಜೋಳ ಆದ ಮೇಲಿನ ಸರದಿಯಲ್ಲೇ ಹಾಕುತ್ತಿದ್ದಳು. ಕಲ್ಲಿನಲ್ಲಿ ಹಿಂದಿನವರ ಹಿಟ್ಟು ಒಂದು ಹಿಡಿ ಉಳಿದು ಮುಂದಿನವರದಕ್ಕೆ ಸೇರುತ್ತದಲ್ಲ, ಆ ಲೆಕ್ಕದಲ್ಲಿ ಇಬ್ಬರೂ ಒಂದೇ ಹಿಟ್ಟಿನ ರೊಟ್ಟಿ ತಿಂದವರು. ಒಬ್ಬಳು ಇಫ್ತಾರಿಗೆ ಹಣ್ಣು ಕಳಿಸಿದರೆ ಇನ್ನೊಬ್ಬಳು ಪಂಚಮಿಗೆ ಉಂಡಿ. ಇಷ್ಟು ವರ್ಷದಲ್ಲಿ ಇಬ್ಬರ ನಡುವೆ ದರದ ಮಾತು ಬಂದದ್ದೇ ಇಲ್ಲ. ಬೀಸಿದ್ದಕ್ಕೆ ಅವಳು ಎಷ್ಟು ಕೊಡುತ್ತಾಳೋ ಇವಳು ನೋಡುತ್ತಿರಲಿಲ್ಲ, ಸೀದಾ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದಳು.

ಆಮೇಲೆ ಬಂತು ಹೊಸ ಮೀಟರು.

ಕರೆಂಟಿನ ಹೊಸ ಯೋಜನೆ ಅದು, ಈ ಓಣಿಗೂ ಹೆದ್ದಾರಿಯ ಮಗ್ಗುಲಿಗೂ ಪರೀಕ್ಷೆಗೆಂದು ತಂದಿದ್ದರು. ಎರಡು ಮಾತು. ಒಂದು, ಹಗಲಿನ ಕರೆಂಟು ಅಗ್ಗ, ಸಂಜೆ ಆರರ ಮೇಲೆ ದುಬಾರಿ. ಎರಡನೆಯದು, ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿಕೊಂಡವರು ತಮಗೆ ಹೆಚ್ಚಾದ ಕರೆಂಟನ್ನು ನೆರೆಯವರಿಗೇ ಮಾರಬಹುದು. ಕೊಳ್ಳುವವರಾಗಲಿ ಮಾರುವವರಾಗಲಿ ಫೋನಿನಲ್ಲಿ ದರ ಹಾಕಬೇಕು, ಇನ್ನೊಬ್ಬರು ಒಪ್ಪಬೇಕು. ದರಕ್ಕೆ ಕೆಳಗೊಂದು ಗೆರೆ, ಮೇಲೊಂದು ಗೆರೆ, ಅವೆರಡರ ನಡುವೆ ಏನು ಬೇಕಾದರೂ. ಹುಟ್ಟಿದಾಗಿನಿಂದ ಈ ಬಿಸಿಲನ್ನು ಬೈದುಕೊಂಡೇ ಬಂದವರು ನಾವು. ಅದೂ ಮಾರುವ ಮಾಲಾದೀತೆಂದು ಯಾರಿಗೆ ಗೊತ್ತಿತ್ತು!

ಓಣಿಯಲ್ಲಿ ಸೋಲಾರ್ ಇದ್ದದ್ದು ಲಲಿತಾಬಾಯಿಯ ಮಾಳಿಗೆಯ ಮೇಲೆ, ಸೊಸೆ ಮಲ್ಲಿಕಾ ಹಟ ಹಿಡಿದು ಹಾಕಿಸಿದ್ದು. ಹಗಲೂ ಖಾನಾವಳಿಗಳ ಚೀಲಕ್ಕೆ ಮೋಟಾರು ತಿರುಗಿಸುವವಳು ಕುಲ್ಸುಮ್. ಇದಕ್ಕಿಂತ ಸರಿಯಾದ ಜೋಡಿ ಎಲ್ಲಿ ಸಿಕ್ಕೀತು? ಫೋನು ಇಬ್ಬರ ಹೆಸರನ್ನೂ ಜೋಡಿಸಿ, ದರ ಹಾಕಿ ಎಂದು ಕೇಳಿತು.

ಕುಲ್ಸುಮ್ ಕೂತು ಯೋಚಿಸಿದಳು. ಕಡಿಮೆ ಹಾಕಿದರೆ ಲಲಿತಾಬಾಯಿಗೆ ಮೋಸ. ಜಾಸ್ತಿ ಹಾಕಿದರೆ ದೊಡ್ಡಸ್ತಿಕೆ ತೋರಿಸಿದ ಹಾಗೆ. ಮಾಲು ಅವರದು, ಅವರೇ ಹೇಳಲಿ, ಎಷ್ಟು ಹೇಳಿದರೂ ಹೂಂ ಎನ್ನುತ್ತೇನೆ ಎಂದುಕೊಂಡು ಫೋನನ್ನು ಬೋರಲು ಹಾಕಿ ಇಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ ಪರದೆಯ ಮೇಲೆ ಒಂದೇ ಸಾಲು: ನೆರೆಮನೆಯ ವಿದ್ಯುತ್ ಲಭ್ಯವಿಲ್ಲ. ಅದರ ಮರುದಿನವೂ ಅದೇ.

ಹೆದ್ದಾರಿಯ ಮಗ್ಗುಲಿನ ಐಸ್ ಫ್ಯಾಕ್ಟರಿಗೆ ಲಲಿತಾಬಾಯಿಯ ಕರೆಂಟು ಹೋಗುತ್ತಿದೆಯಂತೆ ಎಂದು ಯಾರೋ ಹೇಳಿದರು. ಕುಲ್ಸುಮ್ ಹೌದಾ ಎಂದಳು, ಹಿಟ್ಟು ಜಾಡಿಸಿದಳು. ಕೇಳಬಹುದಿತ್ತು, ಓಣಿ ದಾಟಿದರೆ ಮನೆ. ಆದರೆ ಕೇಳುವುದೇನೆಂದು? ನನಗೇಕೆ ಮಾರಲಿಲ್ಲ ಎಂದರೆ ಅದು ಜಗಳದ ಮಾತು.

ಅದೇ ಹೊತ್ತಿಗೆ ಸಂಜೆಯ ದುಬಾರಿ ಬಿಲ್ಲು ಬಂತು. ಬೇರೆ ದಾರಿ ಇಲ್ಲದೆ ಅವಳು ಸಂಜೆಯ ಬೀಸುವ ರೇಟನ್ನು ಏರಿಸಿ ಸುಣ್ಣದಲ್ಲಿ ಗೋಡೆಯ ಮೇಲೆ ಬರೆದಳು. ಹೆಂಗಸರಿಗೆ ಬುದ್ಧಿ ಇಲ್ಲವೇ? ಹಗಲಿಗೆ ಡಬ್ಬಿ ಇಟ್ಟು ಹೋಗತೊಡಗಿದರು. ತರುವಾಗ ಒಬ್ಬರು, ಒಯ್ಯುವಾಗ ಇನ್ನೊಬ್ಬರು. ಯಾರೂ ಕೂರುವುದಿಲ್ಲ, ಹಗಲಿಗೆ ಎಲ್ಲರಿಗೂ ಕೆಲಸ. ಲಲಿತಾಬಾಯಿಯ ಡಬ್ಬಿಯಂತೂ ಕಾಣಲೇ ಇಲ್ಲ. ಸಂತೆ ಬಯಲಿನ ಆಚೆಯ ಗಿರಣಿಗೆ ಹೋಗುತ್ತದೆಂದು ಗೊತ್ತಾಯಿತು. ಹೊತ್ತು ಮುಳುಗುವಾಗ ಕುಲ್ಸುಮ್ ಖಾಲಿ ಗಿರಣಿಯಲ್ಲಿ ಕೂತು ಎದುರು ಮನೆಯ ಬಾಗಿಲು ನೋಡುವಳು. ಅಜಾನ್ ಕೇಳಿಸಿದರೆ ಎದ್ದು ನಮಾಜು ಮಾಡುವಳು. ಮತ್ತೆ ಬಂದು ಕೂರುವಳು. ದಿನಪೂರ್ತಿ ಯಾರ ಜೊತೆಗೂ ಒಂದು ನೆಟ್ಟಗಿನ ಮಾತಾಡಿಲ್ಲವೆಂದು ಮಲಗುವ ಮುಂಚೆ ನೆನಪಾಗುತ್ತಿತ್ತು.

ಕೊನೆಗೆ ಒಂದು ದಿನ ಗಿರಣಿಗೆ ಬೀಗ ಹಾಕಿ ಕಲಬುರಗಿಯ ಬಸ್ಸು ಹತ್ತಿದಳು. ಯೋಜನೆಯ ಆಫೀಸು ಜೇವರ್ಗಿ ಕಾಲೋನಿಯಲ್ಲಿ, ಒಂದು ದವಾಖಾನೆಯ ಮೇಲಿನ ಮಾಳಿಗೆಯಲ್ಲಿತ್ತು. ಹೋಗುವ ದಾರಿಯಲ್ಲಿ ಬುರ್ಖಾದೊಳಗೆ ಬೆವರು ಹರಿದು, ಟ್ಯೂಷನ್ ಬಿಟ್ಟ ಮಕ್ಕಳ ನಡುವೆ ನುಗ್ಗಿ, ಆಫೀಸು ಕೇಳಿ ಕೇಳಿ ಮೆಟ್ಟಿಲು ಹತ್ತಿದಳು. ಒಳಗಿದ್ದವನು ಗುರುಪ್ರಸಾದ ಎಂಬ ಎಂಜಿನಿಯರ್, ವಯಸ್ಸು ಚಿಕ್ಕದು, ಕೂರಿಸಿ ನೀರು ಕೊಟ್ಟ. ದೂರು ಏನೆಂದು ಕೇಳಿದ. ದೂರಲ್ಲ, ಒಂದು ಮಾತು ತಿಳಿಯಬೇಕಾಗಿತ್ತು ಎಂದಳು.

“ಸರಿಯಾದ ರೇಟ್ ಅಂದ್ರ ಯಾವ್ದ್ರಿ ಸಾಹೇಬ್ರ?”

“ಇಬ್ರೂ ಒಪ್ಪಿದ್ದೇ ಸರಿಯಾದ ರೇಟ್ರಿ ಅಮ್ಮಾ.”

“ಇಬ್ರೂ ಏನಂದ್ರೂ ಒಪ್ಪವ್ರೇ ಇದ್ರ?”

ಗುರುಪ್ರಸಾದನಿಗೆ ಪ್ರಶ್ನೆ ಹೊಸದು. ಅವನು ಕಂಪ್ಯೂಟರಿನಲ್ಲಿ ಅವಳ ಮೀಟರನ್ನು ಹುಡುಕಿ ನೋಡಿ, ನಿಧಾನಕ್ಕೆ ಬಿಡಿಸಿ ಹೇಳಿದ. ಲಲಿತಾಬಾಯಿ ಬೇಡವೆಂದಿಲ್ಲ. ಈಕೆಯೂ ಬೇಡವೆಂದಿಲ್ಲ. ಇಬ್ಬರಲ್ಲಿ ಒಬ್ಬರೂ ದರವನ್ನೇ ಹಾಕಿಲ್ಲ. ಯಾರೂ ಏನೂ ಹೇಳದಿದ್ದರೆ ಯಂತ್ರ ಆ ಕರೆಂಟನ್ನು ಕೇಳಿದವರಿಗೆ ಕಳಿಸಿಬಿಡುತ್ತದೆ. ಕೇಳಿದ್ದು ಐಸ್ ಫ್ಯಾಕ್ಟರಿ, ಅಷ್ಟೇ. ಮಾರುವವರ ಫೋನಿಗೂ ನೆರೆಯಲ್ಲಿ ಕೊಳ್ಳುವವರಿಲ್ಲ ಎಂದು ಹೋಗಿರುತ್ತದೆ.

ಕುಲ್ಸುಮ್ ಲೋಟ ಕೆಳಗಿಟ್ಟಳು. ಎದುರು ಮನೆಯಲ್ಲೂ ಒಬ್ಬಳು ಫೋನು ಬೋರಲು ಹಾಕಿ ಕೂತಿದ್ದಳು, ಇವಳೇ ಹೇಳಲಿ ಎಂದು.

ಬಸ್ಸಿಳಿದವಳು ಗಿರಣಿಯ ಬೀಗ ಕೂಡ ತೆಗೆಯಲಿಲ್ಲ. ಲಲಿತಾಬಾಯಿ ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನೋಡಿದಳು, ಬಾ ಎನ್ನಲಿಲ್ಲ, ಆದರೆ ಚಾಪೆಯ ಮೇಲಿನ ಮೊರವನ್ನು ಆಚೆ ಸರಿಸಿದಳು. ಕುಲ್ಸುಮ್ ಕೂತಳು.

“ನೀವು ಒಲ್ಲೆ ಅಂದೀರಿ ಅಂತ ತಿಳ್ಕೊಂಡಿದ್ದೆ ಬಾಯಿ.”

“ನಾ ಯಾವಾಗ ಒಲ್ಲೆ ಅಂದೆ? ಕೊಳ್ಳವ್ರೇ ಇಲ್ಲ ಅಂತ ಫೋನ್ ಬಂತು. ಗಿರಣಿ ತಿರುಗೋದು ಇಲ್ಲಿಂದ ಕಾಣಸ್ತದ, ಕಿವಿಗೂ ಕೇಳಸ್ತದ. ಮತ್ತ ಕೊಳ್ಳವ್ರಿಲ್ಲಂದ್ರ ನಾ ಏನ್ ತಿಳೀಬೇಕು?”

“ರೇಟ್ ನೀವು ಹಾಕ್ತೀರಿ ಅಂತ ಕೂತಿದ್ದೆ.”

“ನಿನ್ನ ಮುಂದ ನಾ ರೇಟ್ ಹಾಕ್ಲೇನು? ನಾಲಿಗಿ ಹೊಳ್ಳತದೇನು ಕುಲ್ಸುಮ್?”

ಸ್ವಲ್ಪ ಹೊತ್ತು ಇಬ್ಬರೂ ಬೇಳೆಯಲ್ಲಿ ಹರಳು ಹುಡುಕಿದರು. ಆಮೇಲೆ ಕುಲ್ಸುಮ್ ಜೀವ ಗಟ್ಟಿ ಮಾಡಿ ಯೂನಿಟ್ಟಿಗೆ ಐದು ಎಂದಳು. ಲಲಿತಾಬಾಯಿ ಮೂರು ಎಂದಳು. ಐದಕ್ಕೆ ಕಮ್ಮಿ ಆದರೆ ನನಗೆ ಬೇಡವೇ ಬೇಡ ಎಂದು ಕೊಳ್ಳುವವಳು. ಮೂರರ ಮೇಲೆ ಒಂದು ಪೈಸೆ ಮುಟ್ಟುವುದಿಲ್ಲ ಎಂದು ಮಾರುವವಳು. ಬಿಸಿಲಿಗೆ ನಾನೇನು ಗೊಬ್ಬರ ಹಾಕಿದ್ದೇನೆಯೇ ಎಂದು ಲಲಿತಾಬಾಯಿ, ಮಾಳಿಗೆ ಕಟ್ಟಿಸಿದ್ದು ಪುಕ್ಕಟೆಯೇ ಎಂದು ಕುಲ್ಸುಮ್. ಇಬ್ಬರ ಧ್ವನಿಯೂ ಏರಿತು, ಮುಖದಲ್ಲಿ ಮಾತ್ರ ಎಷ್ಟೋ ದಿನದಿಂದ ಇಲ್ಲದ ಗೆಲುವು. ಒಳಗಿನಿಂದ ಮಲ್ಲಿಕಾ ಕೈ ಒರೆಸಿಕೊಳ್ಳುತ್ತ ಬಂದಳು.

“ಕೊಳ್ಳವ್ರು ಏರಸ್ಲಾಕತ್ತಾರ, ಮಾರವ್ರು ಇಳಸ್ಲಾಕತ್ತಾರ. ಇಂಥಾ ಪ್ಯಾಟಿ ನಾ ಎಲ್ಲೂ ನೋಡಿಲ್ಲವ್ವ. ನಾಕು ಹಾಕ್ತೀನಿ, ಸುಮ್ನಾಗ್ರಿ.”

ಅತ್ತೆಯ ಫೋನು ತೆಗೆದು ಒತ್ತಿದಳು, ಕುಲ್ಸುಮ್‌ಳದೂ ಇಸಿದುಕೊಂಡು ಒತ್ತಿದಳು. ಪೂರಾ ವರ್ಷಕ್ಕೆ ಹಾಕಿದ್ದೇನೆ, ಇನ್ನು ಯಾರೂ ಯಾರನ್ನೂ ಕೇಳಬೇಕಾಗಿಲ್ಲ ಎಂದು ವಾಪಸು ಕೊಟ್ಟಳು. ಬುದ್ಧಿವಂತ ಹುಡುಗಿ, ಮನೆ ನಡೆಸುವವಳು. ಕುಲ್ಸುಮ್ ಛಲೋ ಆಯಿತು ಮಗಳೇ ಎಂದಳು. ಇನ್ನು ಕೂತು ಜಗಳಾಡಲು ಏನೂ ಉಳಿದಿರಲಿಲ್ಲ. ಚಹಾ ಕುಡಿದು ಎದ್ದು ಬಂದಳು.

ಮರುದಿನದಿಂದ ಲಲಿತಾಬಾಯಿಯ ಮಾಳಿಗೆಯ ಬಿಸಿಲು ಕುಲ್ಸುಮ್‌ಳ ಕಲ್ಲು ತಿರುಗಿಸತೊಡಗಿತು. ಡಬ್ಬಿಯೂ ಬಂತು, ಮಟಮಟ ಮಧ್ಯಾಹ್ನದಲ್ಲಿ, ಮಲ್ಲಿಕಾಳ ಸ್ಕೂಟಿಯ ಮೇಲೆ. ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರ ಕುಲ್ಸುಮ್ ತಡೆಯಲಾರದೆ, ಅತ್ತೆಗೆ ಮೈಯಲ್ಲಿ ಹುಷಾರಿದೆಯೇ ಎಂದು ಕೇಳಿದಳು.

ಹುಷಾರಾಗಿಯೇ ಇದ್ದಾರೆ, ಸಂಜೆಯಾದರೆ ಇತ್ತಲೇ ನೋಡುತ್ತ ಕೂರುತ್ತಾರೆ ಎಂದಳು ಮಲ್ಲಿಕಾ. “ಆರರ ಮ್ಯಾಲ ಕರೆಂಟ್ ತುಟ್ಟಿ, ನಾ ಹೋಗಿ ಕೂತ್ರ ನನ್ನ ಸಲುವಾಗಿ ಲೈಟು, ಫ್ಯಾನು ಹಚ್ತಾಳ, ಆಕಿಗೆ ಲುಕ್ಸಾನು ಅಂತಾರ್ರಿ.”

ಕುಲ್ಸುಮ್ ಹಿಟ್ಟು ತುಂಬುತ್ತಿದ್ದ ಕೈ ನಿಲ್ಲಿಸಿದಳು. ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು:

“ನಾಕು ರೂಪಾಯಿ ನನಗ ಒಪ್ಪಿಗಿ ಇಲ್ಲ ಅಂತ ನಿಮ್ಮತ್ತಿಗೆ ಹೇಳು.”

ಮಲ್ಲಿಕಾ ಗಾಬರಿಯಾದಳು. “ಜಾಸ್ತಿ ಆತೇನ್ರಿ?”

“ಜಾಸ್ತಿನೋ ಕಮ್ಮಿನೋ ಅವರ ಮುಂದೇ ಹೇಳ್ತೀನಿ. ಅವರೇ ಬರ್ಬೇಕು. ಸಂಜೀಗೆ.”

ಸ್ಕೂಟಿ ಓಣಿ ದಾಟಿತು. ಕುಲ್ಸುಮ್ ಸಂಜೆಗೆ ಗಿರಣಿ ಗುಡಿಸಿದಳು, ಜೋಳದ ಚೀಲ ಜಾಡಿಸಿ ಬಾಗಿಲ ಹತ್ತಿರ ಎಳೆದಿಟ್ಟಳು. ಆರು ಹೊಡೆಯಿತು, ದೀಪ ಹಾಕಿದಳು. ಫ್ಯಾನೂ ಹಾಕಿದಳು. ಎದುರು ಬಾಗಿಲು ಮುಚ್ಚಿತ್ತು, ಒಳಗೆ ಯಾರೋ ಏನೋ ಏರು ದನಿಯಲ್ಲಿ ಮಾತಾಡುತ್ತಿದ್ದರು, ಸೊಸೆಯೋ ಟಿವಿಯೋ ತಿಳಿಯದು. ಕುಲ್ಸುಮ್ ಸೆರಗು ಸರಿಮಾಡಿಕೊಂಡು ಕೂತಳು. ಬಂದರೆ ಎಷ್ಟು ಹೇಳಬೇಕು, ಆರೋ ಎರಡೋ, ಇನ್ನೂ ನಿಶ್ಚಯ ಮಾಡಿರಲಿಲ್ಲ.