ಕತ್ತಲ ಗೋದಾಮಿನಲ್ಲಿ ಜಪಾನಿನ ರೈಲು

ಆಯಿ ಎಂದರೆ ನಮ್ಮಪ್ಪನ ತಾಯಿ. ಕಣ್ಣಿಗೆ ಪೊರೆ ಬಂದು ಬೆಳಕು, ನೆರಳು ಬಿಟ್ಟರೆ ಆಕೆಗೆ ಏನೂ ಕಾಣುತ್ತಿರಲಿಲ್ಲ. ಬಾಗಲಕೋಟೆಯ ಮನೆಯಲ್ಲಿ ಸಂಜೆ ಚಹಾದ ಹೊತ್ತಿಗೆ, "ಬಾ ಇಲ್ಲೆ, ಇವತ್ತ ಏನೇನ ನೋಡಿದಿ ಹೇಳು" ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷದ ನನಗೆ ಅದು ದೊಡ್ಡ ಹುದ್ದೆ. ಬಜಾರದಲ್ಲಿ ಎಮ್ಮೆ ಅಡ್ಡ ಮಲಗಿದ್ದು, ಇಳಕಲ್ಲಿನ ಬಸ್ಸಿನ ಮೇಲಿಂದ ಸೀರೆ ಗಂಟು ಉರುಳಿದ್ದು, ಎಲ್ಲ ಹೇಳುತ್ತಿದ್ದೆ. ಆ ಜಾಗವನ್ನು ನಾನು ಸ್ವಂತ ತಮ್ಮನಿಗೂ ಬಿಟ್ಟುಕೊಟ್ಟವಳಲ್ಲ.

ಎಂಬತ್ತರ ಆಸುಪಾಸಿನ ಒಂದು ಬೇಸಿಗೆಗೆ ಮುಂಬಯಿಯಿಂದ ಅಪ್ಪನ ತಮ್ಮ ಕಾಕಾನ ಮಗಳು ಬಂದಳು. ನನಗಿಂತ ಒಂದು ವರ್ಷ ಚಿಕ್ಕವಳು. ಕಂಪನಿ ಕಾಕಾನನ್ನು ಜಪಾನಿಗೆ ಕಳಿಸಿದ್ದಾಗ ಇವಳೂ ಹೋಗಿ ಬಂದಿದ್ದಳು. ಮೊದಲ ಸಂಜೆಯೇ ಶುರು ಹಚ್ಚಿಕೊಂಡಳು.

"ಆಯಿ, ಅಲ್ಲೊಂದು ಆಟದ ರೈಲು ಐತಿ. ಬಯಲಿನ್ಯಾಗ ಅಲ್ಲ, ದೊಡ್ಡ ಕಟ್ಟಡದ ಒಳಗ. ಬರೇ ಕತ್ತಲ. ಮೆಲ್ಲಕ ಹೊಂಡೂದಿಲ್ಲ, ಹಿಂದಿನಿಂದ ಯಾರೋ ಒದ್ದಂಗ ಒಮ್ಮೆಲೆ ಜಿಗೀತೈತಿ. ತಲಿಕೆಳಗ ಆಗತೈತಿ."

"ಅಯ್ಯ ನನ್ನ ಶಿವನ! ಆಮ್ಯಾಲ?" ಎಂದಳು ಆಯಿ.

ಆ "ಆಮ್ಯಾಲ" ನನ್ನದಾಗಿತ್ತು. ನನ್ನ ಎಮ್ಮೆಗೆ ಒಂದು ಸಿಕ್ಕರೆ ಹೆಚ್ಚು. ಅವಳ ರೈಲಿಗೆ ಸಿಗುತ್ತಲೇ ಇದ್ದವು. ನಾಲ್ಕು ಸಂಜೆ ಆಯಿ ನನ್ನನ್ನು ಕರೆಯಲೇ ಇಲ್ಲ. ನನ್ನ ಹೊಟ್ಟೆ ಉರಿಯಿತು. ಅವಳ ರಿಬ್ಬನ್ನು, ಬಿಳಿ ಕಾಲುಚೀಲ, ಯಾವುದನ್ನು ಕಂಡರೂ ಆಗದಂತಾಯಿತು.

ಅಪ್ಪ ಅರಳೆ ಫ್ಯಾಕ್ಟರಿಯಲ್ಲಿ ಗುಮಾಸ್ತ. ಹಂಗಾಮು ಮುಗಿದು ಗೋದಾಮು ಖಾಲಿ ಬಿದ್ದಿತ್ತು. ಹತ್ತಿ ಮೂಟೆ ಸಾಗಿಸಲು ಅಂಗಳದಿಂದ ಗೋದಾಮಿನ ಒಳಗಿನವರೆಗೆ ಹಳಿ, ಹಳಿಯ ಮೇಲೊಂದು ತಳ್ಳುಗಾಡಿ. ಐದನೆಯ ದಿನ ಅಪ್ಪನ ಬುತ್ತಿ ಕೊಡುವ ನೆವದಲ್ಲಿ ಅವಳನ್ನು ಕರೆದೊಯ್ದೆ. ಅವಳು ಹೆದರಿ ಕಿರುಚಬೇಕು, ಅದನ್ನು ನಾನು ಆಯಿಗೆ ಹೇಳಬೇಕು. ಇಷ್ಟೇ ನನ್ನ ಲೆಕ್ಕಾಚಾರ.

ಅವಳನ್ನು ಗಾಡಿಯಲ್ಲಿ ಕೂರಿಸಿ, ಓಡುತ್ತಾ ತಳ್ಳಿ, ಹಿಂದಿನಿಂದ ನಾನೂ ಹಾರಿ ಹತ್ತಿ ಅವಳ ಪಕ್ಕ ಕುಳಿತೆ. ಕತ್ತಲೆಯೊಳಕ್ಕೆ ನುಗ್ಗಿದ ಗಾಡಿ ಕೊನೆಗೆ ಉಳಿದ ಹತ್ತಿಯ ರಾಶಿಗೆ ಗುದ್ದಿ ನಿಂತಿತು. ಅವಳು ಕಿರುಚಲಿಲ್ಲ. ನನ್ನ ಕೈಗೆ ಉಗುರು ನೆಟ್ಟು ಅಳತೊಡಗಿದಳು.

"ಅಕ್ಕಾ, ನಾ ಆ ರೈಲು ಹತ್ತೇ ಇಲ್ಲ. ಗಿಡ್ಡ ಅದಾಳ ಅಂತ ನನ್ನ ಬಾಗಲದಾಗ ನಿಲ್ಲಿಸಿದ್ರು. ಅಪ್ಪ ಒಬ್ಬನ ಹತ್ತಿ ಬಂದ. ಆಯಿಗೆ ಹೇಳಬ್ಯಾಡ."

ಸುಳ್ಳೇಕೆ ಹೇಳಲಿ, ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಹೇಳುವುದಿಲ್ಲ ಎಂದು ಮಾತು ಕೊಡಲಿಲ್ಲ. ಆಯಿಯ ಮುಂದೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದೆ.

ಸಂಜೆ ಚಹಾ ಬಂತು. ಆಯಿ ಮತ್ತೆ ಅವಳನ್ನೇ ಕರೆದಳು. ಅವಳು ಒಮ್ಮೆ ನನ್ನ ಮುಖ ನೋಡಿದಳು. ನಾನು ಬೇಕೆಂದೇ ನಕ್ಕೆ.

"ಆಯಿ, ಒಂದು ಹೇಳೂದು ಬಿಟ್ಟಿದ್ದೆ," ಎಂದು ತಗ್ಗಿದ ದನಿಯಲ್ಲಿ ಶುರು ಮಾಡಿದಳು. "ಆ ಕತ್ತಲದಾಗ ಹತ್ತಿಯಂಥಾದ್ದು ಏನೋ ತುಟಿಗೆ ಬಂದು ಹತ್ತತೈತಿ. ಕಾದ ಕಬ್ಬಿಣದ ವಾಸನಿ. ಬಾಜೂಕ ಯಾರೋ ಕುಂತಾರ ಖರೆ, ಯಾರಂತ ಕಾಣೂದಿಲ್ಲ. ಅವರ ಕೈ ಗಟ್ಯಾಗಿ ಹಿಡ್ಕೊಂಡ್ನಿ..."

ಅದು ನಮ್ಮ ಗೋದಾಮು. ಆ ಕೈ ನನ್ನದು. ಅವಳ ಉಗುರಿನ ಗುರುತು ಇನ್ನೂ ಅಂಗೈ ಮೇಲಿತ್ತು. ಆಯಿ ಕಪ್ಪು ಕೆಳಗಿಟ್ಟು ಮುಂದೆ ಬಾಗಿದಳು. ಈಗ ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆದೆ.

"ಆಮ್ಯಾಲ?" ಎಂದೆ.