ಅಣ್ಣ ಹಿಂದುಮುಂದು ಮಾಡಿದ ಭೂತದ ಸಿನಿಮಾ

ನನ್ನಣ್ಣ ಮೂವತ್ತು ವರ್ಷದಿಂದ ಒಂದೇ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದಾನೆ. ಕೆಳಗೆ ಟಿಕೆಟ್ ಕೌಂಟರಿನಲ್ಲಿ ನಾನು. ರೀಲ್ ಡಬ್ಬಿಯ ಮೇಲಿನ ನಂಬರನ್ನು ಅವನು ಜಪ್ಪಯ್ಯ ಅಂದರೂ ನಂಬುವುದಿಲ್ಲ. ಸಾಗಿಸುವವರು ಡಬ್ಬಿ ಅದಲುಬದಲು ಮಾಡುತ್ತಾರಂತೆ. ಒಂದು ರೀಲಿನ ಕೊನೆಯನ್ನು ಬೆಳಕಿಗೆ ಹಿಡಿದು, ನಾಯಕಿಯ ಬಟ್ಟೆ ಯಾವ ರೀಲಿನ ಶುರುವಿಗೆ ಹೊಂದುತ್ತದೋ ಅದನ್ನೇ ಮುಂದೆ ಹಾಕುತ್ತಾನೆ. ಒಮ್ಮೆಯೂ ತಪ್ಪಿರಲಿಲ್ಲ.

ಆಮೇಲೆ ಬಂತು ನೋಡಿ, ಆ ಭೂತದ ಸಿನಿಮಾ. ನಿರ್ದೇಶಕಿ ಚಿಕ್ಕ ಹುಡುಗಿ, ಆರು ವರ್ಷ ಒದ್ದಾಡಿ ತೆಗೆದ ಮೊದಲ ಚಿತ್ರ. ಅಬ್ಬಬ್ಬಾ, ಏನು ಬಣ್ಣ, ಏನು ಬೆಳಕು! ಆದರೆ ಕನಸಿನ ಕಥೆ. ನಾಯಕಿ ಬಾಗಿಲು ದಾಟಿದರೆ ಬಟ್ಟೆಯೇ ಬೇರೆ. ವಿಮರ್ಶಕರಿಗೆ ತೋರಿಸುವ ದಿನ ಅಣ್ಣ ಕೆಂಪಿಗೆ ಕೆಂಪು ಹೊಂದಿಸಿ, ಮೂರನೆಯದಕ್ಕಿಂತ ಮೊದಲು ನಾಲ್ಕನೆಯ ರೀಲ್ ಓಡಿಸಿದ. ಹುಡುಗಿ ಹೆದರಿಕೊಂಡು ಒಳಗೇ ಹೋಗದೆ ನನ್ನ ಪಕ್ಕ ಕೂತಿದ್ದಳು.

ಮಾರನೆಯ ದಿನ ಪತ್ರಿಕೆಗಳು ಅವಳ ಮಾನ ಹರಾಜು ಹಾಕಿದವು. ‘ನೋಡಲು ಚೆಂದ, ತಲೆಬುಡವಿಲ್ಲ.’ ‘ಮುಳುಗಿ ಸತ್ತವಳು ಆಮೇಲೆ ತಲೆ ಬಾಚಿಕೊಳ್ಳುತ್ತಾಳೆ, ಹೆದರಬೇಕೋ ನಗಬೇಕೋ?’ ಶುಕ್ರವಾರ ಚಿತ್ರ ಎತ್ತಂಗಡಿ ಎಂದರು ಮಾಲೀಕರು.

ಹುಡುಗಿ ಕೌಂಟರಿಗೆ ಬಂದು ಅತ್ತಳು. "ನಂಗೆ ಸಿನಿಮಾ ತೆಗೆಯೋಕೆ ಬರಲ್ಲ ಅಕ್ಕ. ಬಿಟ್ಬಿಡ್ತೀನಿ."

ಪತ್ರಿಕೆ ಓದುತ್ತಿದ್ದ ಅಣ್ಣ ಕೇಳಿದ: "ಏನಮ್ಮಾ, ತಲೆ ಬಾಚೋದು ಸಾಯೋಕೆ ಮೊದ್ಲೋ ಆಮೇಲೋ?"

"ಮೊದ್ಲು."

ಅಣ್ಣನ ಮುಖ ಬಿಳಿಚಿಕೊಂಡಿತು. ರೀಲ್ ಹಿಂದುಮುಂದು ಹಾಕಿದ್ದು ತಾನೇ ಎಂದು ಅಲ್ಲೇ ಒಪ್ಪಿಕೊಂಡ.

ವಿಷಯ ತಿಳಿದು ಮಾಲೀಕರು ಗದರಿದರು: "ಹೊರಗೆ ಬಾಯಿ ಬಿಟ್ರೆ ಕೆಲಸ ಬಿಟ್ಟೆ ಅಂತ ತಿಳ್ಕೋ!"

ನನಗೂ ಭಯ. "ಸುಮ್ನಿರೋ ಅಣ್ಣ, ಈ ವಯಸ್ಸಲ್ಲಿ ಯಾರು ಕೆಲಸ ಕೊಡ್ತಾರೆ?" ಎಂದೆ.

"ನನ್ನ ತಪ್ಪಿಗೆ ಆ ಮಗು ತನ್ನ ಕೈಲಾಗಲ್ಲ ಅಂದ್ಕೊಂಡು ಬದುಕ್ಬೇಕೇನೇ? ಆಗಲ್ಲ." ಇವನು ಹಟ ಹಿಡಿದರೆ ಮುಗಿಯಿತು.

ಒಬ್ಬೊಬ್ಬ ವಿಮರ್ಶಕರಿಗೂ ತಾನೇ ಫೋನ್ ಮಾಡಿದ. ಇಬ್ಬರು ಬೈದರು, ಮೂವರು ಎತ್ತಲಿಲ್ಲ. ಗುರುವಾರ ಬೆಳಿಗ್ಗೆ, ಮಾಲೀಕರು ಬರುವ ಮೊದಲೇ, ಏಳು ಜನ ಬಂದರು. ಅಣ್ಣ ಪರದೆಯ ಮುಂದೆ ನಿಂತ.

"ರೀಲ್ ಹಿಂದುಮುಂದು ಮಾಡಿದ್ದು ನಾನು. ಬೈಯೋದಾದ್ರೆ ನನ್ನ ಬೈಯಿರಿ. ಸಿನಿಮಾ ಮಾತ್ರ ಇನ್ನೊಂದ್ಸಲ ನೋಡಿ."

‘ತಲೆಬುಡವಿಲ್ಲ’ ಎಂದು ಬರೆದಿದ್ದವರು ನಕ್ಕರು. "ಇವತ್ತು ಸರಿಯಾಗಿ ಹಾಕ್ತೀರಿ ಅಂತ ಏನ್ರೀ ಗ್ಯಾರಂಟಿ?"

ಈ ಸಲ ಒಳಗೇ ಕೂತಿದ್ದ ಹುಡುಗಿ ಎದ್ದು ನಿಂತಳು. "ಅವತ್ತು ಒಳಗೆ ಕೂತು ನೋಡಿದ್ದು ನೀವೆಲ್ಲ ಸಾರ್. ಎಲ್ಲಿ ತಪ್ಪಿದೆ ಅಂತ ಹುಡುಕಿದ್ದು ಇವರೊಬ್ಬರೇ."

ಅವರು ನಗು ನುಂಗಿಕೊಂಡರು. ಕುರ್ಚಿಗೆ ಒರಗಿ, "ಹಾಕ್ರಿ, ನೋಡೋಣ" ಎಂದರು.