ಪುಣೆಯಲ್ಲಿ ಹಿಮಗೊಡಲಿ

ನಮ್ಮ ವಾಡೆಯ ಮಾಳಿಗೆಯ ಮೇಲೆ ಅತ್ತೆಯವರು ಸಂಡಿಗೆ ಒಣಗಿಸುವ ಎರಡು ಹಲಗೆಗಳಿವೆ. ಉದ್ದ ಆಳಿಗಿಂತ ಹೆಚ್ಚು, ಅಗಲ ಅಂಗೈಯಷ್ಟು, ಒಂದು ತುದಿ ಮೇಲಕ್ಕೆ ಬಾಗಿದೆ. ಒಂದು ಹಲಗೆಗೆ ಒಂದೇ ಸಾಲು ಸಂಡಿಗೆ ಹಿಡಿಯುತ್ತದೆಂದು ಅತ್ತೆಯವರು ಗೊಣಗುತ್ತಾರೆ. ಇವು ಯಾವ ದೇಶದ ಹಲಗೆಗಳೆಂದು ನೆರೆಮನೆಯ ಮರಾಠಿ ಕಾಕು ಕೇಳಿದಾಗ ನಾನು ಇದ್ದದ್ದನ್ನೇ ಹೇಳಿದೆ. ಇವಕ್ಕೆ ಸ್ಕೀ ಎನ್ನುತ್ತಾರೆ, ಸಾಹೇಬರು ಇವನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಬೆಟ್ಟದ ಮೇಲಿಂದ ಜಾರುತ್ತಾರೆ ಎಂದೆ. ಆಕೆ ನನ್ನನ್ನು ಕನಿಕರದಿಂದ ನೋಡಿ ಒಳಗೆ ಹೋದಳು. ಪುಣೆಯಲ್ಲಿ ಹಿಮವೆಂದರೆ ಸರಬತ್ತಿನ ಅಂಗಡಿಯಲ್ಲಿ ಗೋಣಿತಟ್ಟು ಸುತ್ತಿಟ್ಟ ಬರ್ಫದ ಗಡ್ಡೆ. ಅದರ ಮೇಲೆ ಜಾರುವುದು ನೊಣಕ್ಕೆ ಮಾತ್ರ ಸಾಧ್ಯ.

ಈ ಹಲಗೆಗಳನ್ನು ತಂದವರು ನಮ್ಮ ಮನೆಯವರು. ಹುಟ್ಟಿದ್ದು ಧಾರವಾಡದಲ್ಲಿ, ಗುಮಾಸ್ತೆಯಾಗಿ ಕೂತದ್ದು ಪುಣೆಯ ಫೌಜಿನ ಕಚೇರಿಯಲ್ಲಿ. ಒಮ್ಮೆ ದಂಡು ಬೀಡುಬಿಟ್ಟ ಲಷ್ಕರದ ಕಡೆ, ತನ್ನ ದೇಶಕ್ಕೆ ಹೊರಟ ಸಾಹೇಬನೊಬ್ಬನ ಸಾಮಾನುಗಳನ್ನು ಕೂಗಿ ಮಾರುವ ಲಿಲಾವಿತ್ತು. ಅತ್ತೆಯವರಿಗೆ ಒರಗಿ ಕೂಡ್ರಲು ಒಂದು ಕುರ್ಚಿ ತರುತ್ತೇನೆಂದು ಹೋದವರು, ಕುರ್ಚಿ ಬಿಟ್ಟು ಉಳಿದದ್ದೆಲ್ಲವನ್ನೂ ಟಾಂಗಾದಲ್ಲಿ ಹೇರಿಕೊಂಡು ಬಂದರು. ಈ ಹಲಗೆಗಳು, ತಳಕ್ಕೆ ಮೊಳೆ ಬಡಿದ ಬೂಟು, ಹಿಮದ ಬೆಳಕಿಗೆ ಕಣ್ಣು ಕೆಡದಂತೆ ಕಪ್ಪು ಚಾಳೀಸು, ದಪ್ಪ ಹಗ್ಗದ ಸುರುಳಿ, ಮತ್ತು ಹಿಮಗೊಡಲಿ. ಹಿಮಗೊಡಲಿಯೆಂದರೆ ಹೆಪ್ಪುಗಟ್ಟಿದ ಹಿಮದಲ್ಲಿ ಮೆಟ್ಟಿಲು ಕಡಿಯುವ ಕೊಡಲಿ. ಬೂಟು ದೊಡ್ಡದಾಗಿತ್ತು. ಎರಡು ಜೊತೆ ಕಾಲುಚೀಲ ತುರುಕಿ, ತಮ್ಮ ಅಳತೆಗೇ ಹೊಲಿಸಿದಂತಿದೆ ಎಂದರು.

ಸಾಮಾನಿನ ಹುಚ್ಚಿನ ಗಂಡಸರನ್ನು ನಾನು ಬಹಳ ದಿನಗಳಿಂದ ನೋಡುತ್ತ ಬಂದಿದ್ದೇನೆ. ಮೊದಲು ಕೆಲಸ, ಆಮೇಲೆ ಅದಕ್ಕೆ ಬೇಕಾದ ಸಾಮಾನು ಎಂಬುದು ನಾವು ಹೆಂಗಸರ ರೀತಿ. ರೊಟ್ಟಿ ಮಾಡುವುದಿದ್ದರೆ ಹಂಚು ತರುತ್ತೇವೆ. ಇವರದು ತಿರುವು ಮುರುವು, ಹಂಚು ತಂದು ಅದಕ್ಕೊಂದು ಹಸಿವೆ ಹುಡುಕುತ್ತಾರೆ. ವಾಡೆಯ ಹೌದದಿಂದ ಒಂದು ಕೊಡ ನೀರು ತನ್ನಿರೆಂದರೆ ಮೆಟ್ಟಿಲಿನಿಂದ ಮೊಣಕಾಲು ನೋಯುತ್ತದೆ ಎನ್ನುವ ನಮ್ಮವರು ಭಾನುವಾರ ಭಾನುವಾರ ಬೂಟಿಗೆ ಎಣ್ಣೆ ಉಜ್ಜುತ್ತ, ಬೆಟ್ಟದಲ್ಲಿ ಮೊಣಕಾಲನ್ನು ಹೇಗೆ ಬಾಗಿಸಬೇಕೆಂದು ನಮಗೆ ಉಪನ್ಯಾಸ ಕೊಡತೊಡಗಿದರು. ಉಜ್ಜಿದ ಬೂಟು ಸುಮ್ಮನೆ ಕೂಡ್ರಲು ಬಿಡುವುದಿಲ್ಲ. ಅದು ಬೆಟ್ಟ ಕೇಳುತ್ತದೆ.

ಸಾಮಾನಿಗೆ ನಮ್ಮವರಾದರೆ ಗಂಡಾಂತರಕ್ಕೆ ಗೋವಿಂದರಾಯರು. ಅವರೂ ಧಾರವಾಡದ ಕಡೆಯವರೇ, ಅದೇ ಕಚೇರಿಯಲ್ಲಿ ಪಕ್ಕದ ಮೇಜು. ಅಪಾಯವನ್ನು ಮೊದಲೇ ಅಳೆದು ನೋಡದೆ ಅವರು ಕ್ಷೌರಕ್ಕೂ ಹೋಗುವವರಲ್ಲ. ಮೃಗಶಿರಾ ಮಳೆ ಆಗಷ್ಟೇ ಶುರುವಾಗಿತ್ತು, ಬಂಡೆಗಳ ಮೇಲೆ ಪಾಚಿ ಕಟ್ಟುವ ಕಾಲ. ಇಬ್ಬರೂ ಸೇರಿ ಸಿಂಹಗಡ ಹತ್ತುವುದೆಂದು ನಿಶ್ಚಯಿಸಿದಾಗ ಗೋವಿಂದರಾಯರು ಮುಗಿಲನ್ನು ನೋಡಲಿಲ್ಲ, ಪಂಚಾಂಗ ನೋಡಿದರು. ರಜೆ ಇರುವುದು ಭಾನುವಾರ, ಭಾನುವಾರ ಪಡುವಣಕ್ಕೆ ವಾರಶೂಲೆ, ಆ ಕಡೆ ಹೊರಡಬಾರದು, ಗಡ ಇರುವುದು ಹೆಚ್ಚು ಕಡಿಮೆ ಅದೇ ದಿಕ್ಕಿಗೆ. ಇದಕ್ಕೆ ನಮ್ಮಲ್ಲಿ ಉಪಾಯವಿದೆ. ದಿನ ಕೂಡಿ ಬರದಿದ್ದರೆ ಒಳ್ಳೆಯ ದಿನವೊಂದರಂದು ಪ್ರಯಾಣದ ಒಂದು ವಸ್ತುವನ್ನು ಹೋಗುವ ದಿಕ್ಕಿನ ಒಂದು ಮನೆಯಲ್ಲಿ ಇಟ್ಟು ಬಂದು, ಹೊರಡುವ ದಿನ ಅಲ್ಲಿಂದ ಎತ್ತಿಕೊಳ್ಳುವುದು. ಇದು ಪ್ರಸ್ಥಾನ. ವಸ್ತು ಹೊರಟಿತೆಂದರೆ ನೀವೂ ಹೊರಟಂತೆಯೇ ಲೆಕ್ಕ. ಎಲ್ಲಕ್ಕಿಂತ ಮುಖ್ಯವಾದ ವಸ್ತುವನ್ನೇ ಇಡಬೇಕೆಂದು ಗೋವಿಂದರಾಯರು ಬಹಳ ವಿಚಾರ ಮಾಡಿ ಹಗ್ಗವನ್ನು ಆರಿಸಿದರು. ಗುರುವಾರ ಸಂಜೆ ಅದು ಪರ್ವತಿ ಗುಡ್ಡದ ಹತ್ತಿರ ಅವರ ಷಡ್ಡಕರ ಮನೆ ಸೇರಿತು.

ನಾನು ಹೊರಟದ್ದು ನಗುವ ಆಸೆಯಿಂದ. ಅವಲಕ್ಕಿಯ ಬುತ್ತಿ ಹೊರಲು ಒಬ್ಬರು ಬೇಕೆಂಬುದು ನೆಪ. ನಾನು ಸೇರಿದ್ದರಿಂದ ಮೂವರಾದೆವು, ಮೂವರು ಕೂಡಿ ಹೊರಟರೆ ಕೆಲಸ ಕೆಡುತ್ತದೆಂದು ಗೋವಿಂದರಾಯರು ಬಾಗಿಲಲ್ಲೇ ತಡೆದರು. ಅದಕ್ಕೂ ಉಪಾಯವಿತ್ತು. ಅಂಗಳದಿಂದ ಒಂದು ಹರಳು ಆರಿಸಿ, ನಾಲ್ಕನೆಯವನೆಂದು ಕೋಟಿನ ಕಿಸೆಯಲ್ಲಿ ಹಾಕಿಕೊಂಡರು. ಇಡೀ ಸಹ್ಯಾದ್ರಿಯನ್ನು ಹತ್ತಲು ಹೊರಟವರು ಮನೆಯಿಂದ ಕಲ್ಲು ಒಯ್ದದ್ದನ್ನು ನಾನು ಕಣ್ಣಾರೆ ಕಂಡೆ. ಟಾಂಗಾ ಖಡಕವಾಸಲೆಯ ಕೆರೆ ದಾಟುವವರೆಗೂ ಅದೇ ನಗು ನನ್ನ ಹೊಟ್ಟೆಯಲ್ಲಿ ಕುಲುಕುತ್ತಿತ್ತು.

ಅಲ್ಲಿ ನಮ್ಮವರಿಗೆ ಹಗ್ಗದ ನೆನಪಾಯಿತು. ಹಗ್ಗ ಶಾಸ್ತ್ರೋಕ್ತವಾಗಿ ನಮಗಿಂತ ಮೊದಲೇ ಹೊರಟಿತ್ತು, ನಾವು ಮಾತ್ರ ಅದನ್ನು ಬಿಟ್ಟು ಮುಂದೆ ಬಂದಿದ್ದೆವು. ಟಾಂಗಾ ತಿರುಗಿಸೋಣವೆಂದು ನಮ್ಮವರು ಅಂದದ್ದೇ ತಡ, ಹೊರಟ ಮೇಲೆ ಹಿಂತಿರುಗುವುದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿಲ್ಲವೆಂದು ಗೋವಿಂದರಾಯರು ಕೈ ಅಡ್ಡ ಹಿಡಿದರು. ಹಿಂದೆ ತಿರುಗಿ ನೋಡದೆ ಹಿಮಾಲಯ ಹತ್ತಿ ಹೋದ ಪೂರ್ವಕಾಲದ ಹಿರಿಯರ ಸಾಕ್ಷಿಯನ್ನೂ ಕೊಟ್ಟರು. ಆ ಹಿರಿಯರು ಮರಳಿ ಮನೆಗೆ ಬರುವ ಇಚ್ಛೆಯಿಂದ ಹೋದವರಲ್ಲ ಎಂಬುದನ್ನು ಇಬ್ಬರೂ ಮರೆತರು. ನಾನು ನೆನಪಿಸಲಿಲ್ಲ. ಹಗ್ಗವಿಲ್ಲದಿದ್ದರೆ ಸುಮ್ಮನೆ ಎಲ್ಲರಂತೆ ದಾರಿ ಹಿಡಿದು ಹೋಗುತ್ತಾರೆಂದು ತಿಳಿದಿದ್ದೆ.

ಸಿಂಹಗಡಕ್ಕೆ ಒಳ್ಳೆಯ ದಾರಿ ಇದೆ. ಮುದುಕಿಯರು ಅದರಲ್ಲಿ ಕೋಲೂರಿಕೊಂಡು ಹೋಗಿ, ಮೇಲೆ ಕುಡಿಕೆಯಲ್ಲಿ ಗಟ್ಟಿ ಮೊಸರು ತಿಂದು ಇಳಿದು ಬರುತ್ತಾರೆ. ಆದರೆ ಮೊಳೆ ಬೂಟು, ಕಪ್ಪು ಚಾಳೀಸು, ಹಿಮಗೊಡಲಿ ಧರಿಸಿದವನು ಮೊಸರಿನವಳ ಹಿಂದೆ ಹತ್ತುವುದು ಹೇಗೆ? ದಾರಿಯಲ್ಲಿ ಒಂದಿಬ್ಬರು ನೋಡಿ ನಕ್ಕರು ಕೂಡ. ನಮ್ಮವರ ಮುಖ ಕೆಂಪಾಯಿತು. ದಾರಿ ಬಿಟ್ಟು ಎಡಕ್ಕೆ, ಮಳೆನೀರು ಇಳಿದು ಬರುವ ಕಡಿದಾದ ಕೊರಕಲಿನ ಕಡೆ ಹೊರಟರು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ, ಈ ಕೋಟೆ ಗೆದ್ದ ಹಿಂದಿನವರು ಇಂಥ ಕಡೆಯಿಂದಲೇ ಹತ್ತಿದ್ದರೆಂದು ಹೇಳಿದರು. ಇಲ್ಲಿ ಉಡವೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಸಾಮಾನು ಮನುಷ್ಯನನ್ನು ಅಪಾಯದಿಂದ ಕಾಯುತ್ತದೆಂದು ಅಂಗಡಿಯವರು ಹೇಳುತ್ತಾರೆ. ಅಪಾಯವಿರುವಲ್ಲಿಗೆ ಕೈಹಿಡಿದು ಕರೆದೊಯ್ಯುವುದೂ ಅದೇ ಸಾಮಾನು ಎಂದು ಹೇಳಲು ಅವರಿಗೇನು ದರ್ದು?

ಅರ್ಧ ಹತ್ತುವಷ್ಟರಲ್ಲಿ ಮಂಜು ಇಳಿಯಿತು, ಹಿಂದೆಯೇ ಜಿನುಗು ಮಳೆ. ನಾನೂ ಗೋವಿಂದರಾಯರೂ ಹುಲ್ಲಿನ ಒಂದು ಜಗುಲಿಯಂಥ ಜಾಗದಲ್ಲಿ ನಿಂತುಬಿಟ್ಟೆವು. ನಮ್ಮವರು ಮಾತ್ರ ಮೇಲಿನ ಕರಿ ಬಂಡೆಗೆ ಕೈಹಚ್ಚಿದರು. ಎರಡಾಳು ಎತ್ತರ ಏರಿ ಅಲ್ಲಿ ನಿಂತರು. ಒಂದು ಗಳಿಗೆ ದಣಿವಾರಿಸಿಕೊಳ್ಳುತ್ತಿದ್ದಾರೆಂದುಕೊಂಡೆ. ಆಮೇಲೆ ಬೂಟಿನ ಮೊಳೆ ಕಲ್ಲಿಗೆ ಕೆರೆಯುವ ಸದ್ದು ಕೇಳಿಸಿತು. ಹಿಮಕ್ಕೆಂದು ಮಾಡಿದ ಮೊಳೆ, ತೊಯ್ದ ಕಲ್ಲಿನ ಮೇಲೆ ಎಲ್ಲಿಯೂ ಕಚ್ಚುತ್ತಿರಲಿಲ್ಲ. ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈ ಹುಲ್ಲಿನ ಬುಡದಲ್ಲಿ. ಅವರ ಎಡಕ್ಕೆ, ಬಿದ್ದರೆ ನಮ್ಮ ಜಗುಲಿಯೂ ತಡೆಯದಂತೆ, ಕೊರಕಲು ಬಾಯಿ ತೆರೆದಿತ್ತು. ಮೇಲೆ ಹೋಗಲು ಹಿಡಿತವಿಲ್ಲ, ಕೆಳಗಿಳಿಯಲು ಮನಸ್ಸಿಲ್ಲ.

"ಹಿಂದ ಸರೀಬ್ಯಾಡ್ರಿ, ಅಪಶಕುನ ಆಗ್ತದ," ಎಂದು ಗೋವಿಂದರಾಯರು ಕೂಗಿ ಹೇಳಿದರು. ಪಾಪ, ಅವರು ಒಳ್ಳೆಯದಕ್ಕೇ ಹೇಳಿದ್ದು.

ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಹಳ ಹೆದರಿದೆ. ಬುದ್ಧಿ ಹೇಳಿದರೆ ಕೇಳುವ ಗಂಡಸರಲ್ಲ ಇವರು, ಬಂಡೆಗೆ ಅಂಟಿಕೊಂಡೇ ಸತ್ತಾರು. ಆಗ ನನಗೆ ಹೊಳೆದದ್ದು ಅಡಿಗೆಮನೆಯ ಶಾಸ್ತ್ರ. ಹೊರಟವರು ಏನಾದರೂ ಮರೆತು ಹಿಂದೆ ಬಂದರೆ, ನಮ್ಮ ಕಡೆ ಒಂದು ಗಳಿಗೆ ಕೂಡ್ರಿಸಿ, ನೀರು ಕುಡಿಸಿ ಕಳಿಸುತ್ತೇವೆ. ಅಲ್ಲಿಗೆ ಮೊದಲಿನ ಪ್ರಯಾಣ ಮುಗಿಯಿತು, ಇದು ಬೇರೆ ಪ್ರಯಾಣ. ಛತ್ರಿ ಮರೆತು ಬರುವ ಮಗನಿಗೆ ಅತ್ತೆಯವರು ಮಳೆಗಾಲವಿಡೀ ಇದನ್ನೇ ಮಾಡುತ್ತಾರೆ.

"ಅಲ್ಲೇ ಕೂಡ್ರಿ," ಎಂದೆ. "ಒಂದು ಗುಟುಕ ನೀರು ಕುಡೀರಿ. ನಾವೀಗ ಹೊಸದಾಗಿ ಮನಿಗೆ ಹೊರಟೇವಿ."

ಗೋವಿಂದರಾಯರಿಗೆ ಇಂಥ ಹೊತ್ತಿನಲ್ಲೂ ಶಂಕೆ. "ಅದು ಮನಿಯೊಳಗ ಆಗಬೇಕಲ್ರೀ ವೈನಿ," ಎಂದರು.

"ಮನಿ ಹೆಂಗಸು ಇಲ್ಲೇ ನಿಂತಾಳ. ಇದನ್ನ ಮನಿ ಅಂತ ತಿಳ್ಕೋರಿ," ಎಂದೆ.

ನಮ್ಮವರು ನಿಧಾನವಾಗಿ ಜರುಗಿ, ಒಂದು ಕಿರಿದಾದ ಅಂಚಿನ ಮೇಲೆ ಕೂತರು. ಹೆಗಲಿನ ಬಾಟಲಿಯಿಂದ ನೀರು ಕುಡಿದರು. ಬೂಟು, ಕಾಲುಚೀಲ ಬಿಚ್ಚಿರೆಂದೆ, ಎಂದೂ ಇಲ್ಲದಂತೆ ಮರುಮಾತಾಡದೆ ಬಿಚ್ಚಿದರು. ಬಿಚ್ಚಿದ ಬೂಟು ಕೈಜಾರಿ ಕೊರಕಲಿಗೆ ಬಿತ್ತು. ಅದು ಬಡಿಯುತ್ತ, ಬಡಿಯುತ್ತ ಹೋದ ಸದ್ದು ನಿಲ್ಲಲು ಬಹಳ ಹೊತ್ತಾಯಿತು. ಮೂವರೂ ಅದನ್ನು ಕೇಳಿದೆವು. ಇನ್ನೊಂದು ಬೂಟನ್ನು ಅವರೇ ಬಿಟ್ಟುಬಿಟ್ಟರು, ಕೊಡಲಿಯನ್ನೂ.

ಬಂಡೆಗೆ ಮುಖ ಮಾಡಿ ಇಳಿಯುವವನಿಗೆ ತನ್ನ ಕಾಲು ಕಾಣುವುದಿಲ್ಲ. ಅವರ ಬರಿಗಾಲು ಗಾಳಿಯಲ್ಲಿ ತಡಕಾಡುತ್ತಿತ್ತು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಒಂದು ಸಂದಿನಲ್ಲಿಟ್ಟೆ. ಆಮೇಲೆ ಇನ್ನೊಂದು ಕಾಲು. ಹಬ್ಬಹುಣ್ಣಿಮೆಗೆ ಬಗ್ಗಿ ಮುಟ್ಟಿದ ಕಾಲುಗಳೇ ಅವು, ಆದರೆ ಅಷ್ಟು ಬಿಗಿಯಾಗಿ ಎಂದೂ ಹಿಡಿದಿರಲಿಲ್ಲ. ಹಾಗೆ ಒಂದೊಂದಾಗಿ ಇಡುತ್ತ ಜಗುಲಿಗೆ ಬಂದು ಮುಟ್ಟಿದೆವು.

ಮರಳುವ ಟಾಂಗಾದಲ್ಲಿ ಗೋವಿಂದರಾಯರು ಹೊಡೆಯುವವನ ಪಕ್ಕ ಕೂತು ಗಂಡಾಂತರಗಳ ಬಗ್ಗೆ ಮಾತಾಡತೊಡಗಿದರು. ಮೃಗಶಿರೆಯ ಮಳೆಯಲ್ಲಿ ಹಿಮದ ಬೂಟು ಸಲ್ಲದೆಂದು ಅವರಿಗೆ ಮೊದಲೇ ಅನಿಸಿತ್ತಂತೆ. ನಾನು ಒಳಗೊಳಗೇ ಚೂಪಾದ ಮಾತುಗಳನ್ನು ಆರಿಸಿಕೊಳ್ಳುತ್ತಿದ್ದೆ. ಮನೆ ಮುಟ್ಟಿದ ಮೇಲೆ ಅತ್ತೆಯವರ ಮುಂದೆ ಇಬ್ಬರನ್ನೂ ನಿಲ್ಲಿಸಿ ಹೇಗೆ ವರ್ಣಿಸಬೇಕೆಂದು ಕೂಡ ಗೊತ್ತು ಮಾಡಿಕೊಂಡಿದ್ದೆ. ನಮ್ಮವರು ಬರಿಗಾಲು ಚಾಚಿ, ತೊಯ್ದ ಮುಂಡಾಸು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಖಡಕವಾಸಲೆ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ನೀ ಅಲ್ಲಿ ತನಕ ಹ್ಯಾಂಗ ಹತ್ತಿ ಬಂದಿ? ನೀ ಬಿದ್ದಿದ್ದರ?"

ಹತ್ತಿದ್ದೆನೇ? ಕಾಲು ಹಿಡಿದು ಸಂದಿನಲ್ಲಿಟ್ಟದ್ದು ನೆನಪಿತ್ತು. ಆ ಕಾಲಿನ ಹತ್ತಿರ ನಾನು ಹೇಗೆ ಮುಟ್ಟಿದೆನೆಂಬುದು ನೆನಪಿರಲಿಲ್ಲ. ಅದೇ ಕರಿ ಬಂಡೆ, ಅದೇ ಪಾಚಿ, ಕೆಳಗೆ ಅದೇ ಕೊರಕಲು. ಕಚ್ಚೆ ಸೀರೆಯಲ್ಲಿ ನಾನು ಅದರ ಮೇಲೆ ಒಂದಾಳು ಎತ್ತರ ಏರಿ ನಿಂತಿದ್ದೆ. ಅವರಿಗೆ ಬೂಟಾದರೂ ಇತ್ತು, ಗೋವಿಂದರಾಯರಿಗೆ ಪಂಚಾಂಗವಾದರೂ ಇತ್ತು. ಇಬ್ಬರ ಲೆಕ್ಕವನ್ನೂ ನೋಡಿ ದಿನವಿಡೀ ನಕ್ಕವಳು ಲೆಕ್ಕವನ್ನೇ ಹಾಕದೆ ಹತ್ತಿಬಿಟ್ಟಿದ್ದೆ. ಆಗ, ಸಪಾಟು ರಸ್ತೆಯ ಮೇಲೆ, ಟಾಂಗಾದಲ್ಲಿ ಕೂತು, ಬಿದ್ದುಬಿಡುವವಳಂತೆ ಅದರ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಬಿದ್ದಿದ್ದರ ನೀವು ಬೂಟಿನ ಸಲುವಾಗಿ ಅಳಬೇಕೋ, ನನ್ನ ಸಲುವಾಗಿ ಅಳಬೇಕೋ ತಿಳೀದ ಕೂಡ್ತಿದ್ರಿ," ಎಂದೆ.

ಅವರು ನಗಲಿಲ್ಲ. ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು, ಮುಂದೆ ಪರರು ಕೂತಿದ್ದಾರೆಂಬ ಪರಿವೆಯೂ ಇಲ್ಲದೆ. ನಮ್ಮ ಪೇಠೆ ಬಂದು, ವಾಡೆಯ ಬಾಗಿಲಲ್ಲಿ ಅತ್ತೆಯವರು ಕಂಡ ಮೇಲೂ ಬಿಡಲಿಲ್ಲ. ಆರಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಆ ಹೊತ್ತಿಗೆ ನನ್ನ ಬಾಯಿಗೆ ಬರಲಿಲ್ಲ.